ರುಜು ಹೊಂದುವುದಿಲ್ಲ

ಕೆಳಮನೆಯ ಮೇಷ್ಟ್ರು ನಿವೃತ್ತರಾದ ಮೇಲೆ, ಓದಲು ಮಕ್ಕಳ ಉತ್ತರಪತ್ರಿಕೆ ಸಿಗದೆ, ಅಕ್ಕಪಕ್ಕದವರ ಅಂಚೆ ಓದುತ್ತಿದ್ದರು. ಆ ಚಟ ಒಂದಿಲ್ಲದೆ ಹೋಗಿದ್ದರೆ ಭೂತಗನ್ನಡಿಯವರ ಐವತ್ತನೇ ಹುಟ್ಟಿದ ದಿನ, ಹಿಂದಿನ ನಲವತ್ತೊಂಬತ್ತರ ಹಾಗೆಯೇ ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತಿತ್ತು.

ಬೆಳಗ್ಗೆ ಎಂಟು ಗಂಟೆ. ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಾಗಿಲು ತೆರೆದರೆ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಬಾಯಿ ತೆರೆದ ಒಂದು ದೊಡ್ಡ ಲಕೋಟೆ.

“ನಿನ್ನೆ ಕೊರಿಯರಿನವನು ನಮ್ಮನೇಲಿ ಕೊಟ್ಟು ಹೋದ. ಗೋಂದು ಸರಿ ಇರ್ಲಿಲ್ಲ ಅನ್ಸುತ್ತೆ, ತಾನಾಗೇ ಬಿಟ್ಕೊಂಡಿತ್ತು. ಒಳಗಿದ್ದದ್ದು ಬಿದ್ದು ಹೋಗ್ಬಾರ್ದು ಅಂತ ಒಂದ್ಸಲ ಓದಿದೆ. ಅಭಿನಂದನೆಗಳು. ಹದಿನೈದು ವರ್ಷದಿಂದ ಮೇಲೇ ಇದ್ದೀರಿ, ನೀವು ಇಂಥೋರು ಅಂತ ಗೊತ್ತೇ ಆಗ್ಲಿಲ್ಲ ನೋಡಿ.”

ಲಕೋಟೆಯೊಳಗೆ ಚಾರಣ ಸಂಘದ ಪ್ರಮಾಣಪತ್ರವಿತ್ತು. ಊರಾಚೆಯ ಗುಡ್ಡವನ್ನು ಸೂರ್ಯ ಹುಟ್ಟುವ ಮುಂಚೆ ಏಳು ಸಲ ಹತ್ತಿದ್ದಕ್ಕಾಗಿ ಭೂತಗನ್ನಡಿಯವರಿಗೆ ಗೌರವಪೂರ್ವಕವಾಗಿ ಎಂದು ಬರೆದಿತ್ತು. ಕೆಳಗೆ ಸದಸ್ಯರ ರುಜು. ಜೊತೆಗೊಂದು ಫೋಟೊ: ಗುಡ್ಡದ ತುದಿ, ಸುತ್ತ ಮಂಜು, ಎರಡೂ ಕೈ ಚಾಚಿ ಸೂರ್ಯನ ಕಡೆ ಮುಖ ಮಾಡಿ ನಿಂತ ಒಬ್ಬ ಆಸಾಮಿ. ತಲೆಗೆ ಟೋಪಿ, ಕತ್ತಿಗೆ ಮಫ್ಲರು, ಮೈಮೇಲೆ ಕಂದು ಕೋಟು. ಆ ಕೋಟು ಭೂತಗನ್ನಡಿಯವರ ಮನೆಯ ಬಾಗಿಲ ಹಿಂದೆ ವರ್ಷಗಟ್ಟಲೆಯಿಂದ ನೇತಾಡುತ್ತಿರುವ ಕೋಟು.

“ಇದು ನಾನಲ್ಲ ಮೇಷ್ಟ್ರೆ,” ಎಂದರು ಭೂತಗನ್ನಡಿ, ನೊರೆಯ ನಡುವಿನಿಂದ.

“ಬೆನ್ನು ನಿಮ್ದೇ. ದಿನಾ ಮೆಟ್ಟಿಲಿಳಿಯೋದನ್ನ ನೋಡ್ತೀನಲ್ಲ, ನನಗೆ ಗೊತ್ತಾಗಲ್ವಾ?”

ಮುಖವಾದರೆ ಕನ್ನಡಿ ನೋಡಿ ವಾದ ಮಾಡಬಹುದು. ತನ್ನ ಬೆನ್ನು ಹೇಗಿದೆ ಎಂದು ಯಾರು ತಾನೆ ಆಣೆ ಮಾಡಿ ಹೇಳಬಲ್ಲರು. ಆದರೆ ಭೂತಗನ್ನಡಿಯವರನ್ನು ನಿಜವಾಗಿ ಹೆದರಿಸಿದ್ದು ಬೆನ್ನಲ್ಲ, ರುಜು.

ಇಲ್ಲಿ ಸ್ವಲ್ಪ ಅವರ ಕೆಲಸದ ಬಗ್ಗೆ ಹೇಳಬೇಕು. ಬ್ಯಾಂಕಿನಲ್ಲಿ ಅವರದು ರುಜು ಪರೀಕ್ಷಿಸುವ ಮೇಜು. ಚೆಕ್ಕು ಬಂದರೆ, ಅದರ ಮೇಲಿನ ರುಜುವನ್ನು ಡ್ರಾಯರಿನ ಮಾದರಿ ಕಾರ್ಡಿನ ಜೊತೆ ಹೋಲಿಸಿ, ಹೊಂದಿದರೆ ಒಂದು ಗೀಚು ಗೀಚುವುದು, ಹೊಂದದಿದ್ದರೆ ‘ರುಜು ಹೊಂದುವುದಿಲ್ಲ’ ಎಂಬ ಮೊಹರು ಒತ್ತುವುದು. ಇಪ್ಪತ್ತಾರು ವರ್ಷ ಇದನ್ನೇ ಮಾಡಿ, ಕೈಯಲ್ಲಿ ಸದಾ ಭೂತಗನ್ನಡಿ ಇಟ್ಟುಕೊಂಡೇ ಇದ್ದು, ಕೊನೆಗೆ ಹೆಸರೂ ಅದೇ ಆಗಿತ್ತು. ದಿನವಿಡೀ ಊರವರ ರುಜು ನೋಡಿ ಎಷ್ಟು ಬೇಸತ್ತಿದ್ದರೆಂದರೆ ಮನೆಯಲ್ಲಿ ಪೆನ್ನೆಂಬುದನ್ನು ಮುಟ್ಟುತ್ತಿರಲಿಲ್ಲ. ಗ್ಯಾಸಿನ ಅರ್ಜಿ, ಈಗ ಹಾಸ್ಟೆಲಿನಲ್ಲಿರುವ ಮಗಳ ಮಾರ್ಕ್ಸ್ ಕಾರ್ಡು, ಮನೆಯ ಕರಾರು, ಬರೆಯುವ ತಂಟೆಯೆಲ್ಲ ಹೆಂಡತಿಯ ಪಾಲು. ಅಂಥ ಕಣ್ಣು ಈಗ ಆ ಪ್ರಮಾಣಪತ್ರದ ರುಜು ನೋಡಿತು. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಂದಿತ್ತು, ಮೊದಲ ಅಕ್ಷರದ ಕಾಲ ಕೆಳಗೆ ಎರಡು ಚುಕ್ಕೆ. ಮನೆಯ ಕಾಗದಪತ್ರದಲ್ಲೆಲ್ಲ ಇರುವುದು ಅದೇ.

ಬಾಗಿಲು ಹಾಕಿ ನೇರವಾಗಿ ಅಟ್ಟದ ಹತ್ತಿರ ಹೋದರು.

ಸರಿಯಾಗಿ ಒಂದು ವರ್ಷದ ಹಿಂದೆ ಬ್ಯಾಂಕಿಗೆ ಒಬ್ಬ ಭಾಷಣಕಾರ ಬಂದಿದ್ದ. ಬದುಕಿಗೆ ಗುರಿ ಬೇಕು, ಗುರಿಯಿಲ್ಲದವನು ಬದುಕಿದ್ದೂ ಸತ್ತಂತೆ ಎಂದು ಎರಡು ಗಂಟೆ ಹೇಳಿ, ಎಲ್ಲರ ಕೈಲೂ ಹತ್ತು ಹತ್ತು ಗುರಿ ಬರೆಸಿದ. ಕ್ಯಾಷಿಯರ್ ಹತ್ತೂ ಸಾಲಿನಲ್ಲಿ ‘ನಿವೃತ್ತಿ’ ಎಂದು ಬರೆದು ಕೊಟ್ಟ. ಭೂತಗನ್ನಡಿಯವರಿಗೆ ಮಾತ್ರ ಅಂದು ಏನು ಮೆಟ್ಟಿಕೊಂಡಿತ್ತೋ. ಈಜು ಕಲಿಯುವುದು, ಕುದುರೆ ಹತ್ತುವುದು, ಗುಡ್ಡದ ತುದಿಯಿಂದ ಸೂರ್ಯೋದಯ ನೋಡುವುದು, ಕೆರೆಯಾಚೆಯ ಪಾಳು ಬಂಗಲೆಯಲ್ಲಿ ಒಂದು ಗಂಟೆ ಒಬ್ಬನೇ ಕೂರುವುದು, ವೇದಿಕೆ ಹತ್ತಿ ಹಾಡುವುದು, ಹೀಗೆ ಒಂದೇ ಉಸಿರಿಗೆ ಬರೆದರು. ಹತ್ತನೆಯದು: ‘ಐವತ್ತು ತುಂಬುವ ದಿನ ಸಂಜೆ ಐದು ನಲವತ್ತರ ರೈಲು ಹತ್ತಿ, ಯಾರಿಗೂ ಹೇಳದೆ, ಒಬ್ಬನೇ, ಕೊನೆಯ ನಿಲ್ದಾಣಕ್ಕೆ ಹೋಗುವುದು.’ ಅದೇ ಸಂಜೆ ಹೊಸ ಕ್ಯಾನ್ವಾಸ್ ಶೂ ಕೊಂಡು, ಮನೆಯೊಳಗೇ ಎರಡು ಸುತ್ತು ನಡೆದರು. ಎಡಗಾಲಿನ ಶೂ ಕಿರ್ ಎನ್ನುತ್ತಿತ್ತು. ನಾಳೆಯಿಂದ ಶುರು ಎಂದು ಪಟ್ಟಿಯನ್ನೂ ಶೂವನ್ನೂ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟರು. ಆ ನಾಳೆ ಇನ್ನೂ ಬಂದಿರಲಿಲ್ಲ.

ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿದರು. ಶೂ ಇದ್ದವು. ಅಡಿ ಸವೆದಿತ್ತು. ಅಂಚಿನಲ್ಲಿ ಹಸಿ ಮಣ್ಣು. ಒಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಯಾರೋ ಈಗಷ್ಟೇ ಕಾಲು ತೆಗೆದ ಹಾಗೆ. ಬೆರಳ ತುದಿಗೆ ಮುದುರಿದ ಕಾಗದವೊಂದು ತಾಗಿತು. ಎಳೆದು ನೋಡಿದರು, ಹೋದ ವಾರದ ಪೇಪರು.

ಪಟ್ಟಿಯೂ ಇತ್ತು. ಒಂಬತ್ತು ಸಾಲಿನ ಮುಂದೆ ಕೆಂಪು ಸರಿ ಗುರುತು. ಹತ್ತನೆಯ ಸಾಲಿನ ಮುಂದೆ ಗುರುತಿರಲಿಲ್ಲ. ಪೆನ್ನಿನ ತುದಿ ಊರಿ, ಸ್ವಲ್ಪ ಹೊತ್ತು ಯೋಚಿಸಿ, ಎತ್ತಿದ್ದರ ಒಂದು ಚುಕ್ಕೆ ಮಾತ್ರ ಇತ್ತು.

“ಏನೋ ಅದು, ಮತ್ತೆ ಶೂ ತೆಗೀತಿದ್ದೀಯಾ?” ಎಂದರು ಕಿಟಕಿಯ ಪಕ್ಕದ ಮಂಚದಿಂದ ಅವರ ಅಮ್ಮ. ಅಮ್ಮನಿಗೆ ಕಣ್ಣು ಪೂರ್ತಿ ಮಂಜಾಗಿತ್ತು. ಮಾತು ಕಿವಿಗೆ ಬಿದ್ದರೂ ಯಾರ ದನಿ ಎಂದು ತಿಳಿಯುತ್ತಿರಲಿಲ್ಲ. ಹೆಜ್ಜೆ ಸದ್ದು ಮಾತ್ರ ಒಂದೂ ತಪ್ಪುತ್ತಿರಲಿಲ್ಲ. ಮೆಟ್ಟಿಲ ಮೇಲಿನ ಸದ್ದು ಕೇಳಿಯೇ ಹಾಲಿನವನು, ಮೇಷ್ಟ್ರು, ಬೇಡದ ನೆಂಟರು ಎಂದು ಹೇಳಿಬಿಡುತ್ತಿದ್ದರು.

“ಮತ್ತೆ ಅಂದ್ರೆ?”

“ಆರಕ್ಕೆ ಹೋದೆ, ಏಳೂವರೆಗೆ ಬಂದೆ. ಈಗ ಮತ್ತೆ ಎಲ್ಲಿಗೆ? ವಾರಕ್ಕೆ ಎರಡು ದಿನ ಹೋಗ್ತೀಯಲ್ಲ, ಸಾಲ್ದಾ?”

“ಅಮ್ಮಾ, ನಾನು ಎಂಟು ಗಂಟೆವರೆಗೂ ಮಲಗಿದ್ದೆ.”

“ನಿನ್ನ ಶೂ ಸದ್ದು ನನಗೆ ಗೊತ್ತಾಗಲ್ವೇನೋ?” ಎಂದರು ಅಮ್ಮ. “ಈಚೆಗೆ ಎಷ್ಟು ಚೆನ್ನಾಗಿ ನಡೀತೀಯಪ್ಪ. ಮೊದಲಿನ ಹಾಗೆ ಕಾಲೆಳೆಯೋದೇ ಇಲ್ಲ. ನನಗೆ ಎಷ್ಟು ಸಮಾಧಾನ ಗೊತ್ತಾ.”

ಭೂತಗನ್ನಡಿಯವರ ಬಾಯಲ್ಲಿದ್ದ ನೊರೆ ಗಂಟಲಿಗಿಳಿಯಿತು.

ಅಡುಗೆಮನೆಯಲ್ಲಿ ಹೆಂಡತಿ ಊಟದ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು. ಅವಳಿಗೆ ಏನೆಂದು ಹೇಳುವುದು? ನಿನ್ನ ಗಂಡ ಇಬ್ಬರಾಗಿದ್ದಾನೆ ಎಂದೇ? ಒಬ್ಬನನ್ನೇ ಅವಳು ಕಷ್ಟಪಟ್ಟು ಸಹಿಸಿಕೊಂಡಿದ್ದಳು. ಕೊನೆಗೆ ಪೇಪರಿನ ಮುದ್ದೆ ತೋರಿಸಿ, “ಇದು ನನ್ನ ಶೂ ಒಳಗೆ ಹೇಗೆ ಬಂತು?” ಎಂದಷ್ಟೇ ಕೇಳಿದರು.

“ಇಲಿ ಗೂಡು ಕಟ್ಟಿರ್ಬೇಕು ಕಣ್ರೀ,” ಎಂದಳು ಅವಳು ತಿರುಗಿ ನೋಡದೆ. “ಹಾಕ್ಕೊಳ್ಳದೆ ಇಟ್ಟಿದ್ದನ್ನ ಯಾರಾದ್ರೂ ಒಬ್ಬರು ಉಪಯೋಗಿಸ್ಕೊಳ್ತಾರೆ.”

*

ಬ್ಯಾಂಕಿನಲ್ಲಿ ಗುಟ್ಟೆಂಬುದು ತಿಜೋರಿಯಲ್ಲಿ ಮಾತ್ರ ಉಳಿಯುತ್ತದೆ. ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ, ಭೂತಗನ್ನಡಿ ಜೇಬಿನಲ್ಲಿ ತಂದಿದ್ದ ಫೋಟೊ, ಪಟ್ಟಿ ಎರಡೂ ಮೂರು ಮೇಜು ಸುತ್ತಿ ಬಂದಿದ್ದವು.

“ನಿದ್ದೇಲಿ ನಡೆಯೋ ಖಾಯಿಲೆ,” ಎಂದು ಕ್ಯಾಷಿಯರ್ ತೀರ್ಪು ಕೊಟ್ಟ. “ನಮ್ಮ ಚಿಕ್ಕಪ್ಪನಿಗೂ ಇತ್ತು. ಆದ್ರೆ ಅವರು ಬಚ್ಚಲಮನೆವರೆಗೆ ಮಾತ್ರ ಹೋಗ್ತಿದ್ರು. ನಿಮ್ಮ ಹಾಗೆ ಗುಡ್ಡ ಹತ್ತಿ, ಸಂಘ ಸೇರಿ, ಪ್ರಮಾಣಪತ್ರ ತಗೊಳ್ತಿರ್ಲಿಲ್ಲ.”

ಚಹಾದ ಲೋಟ ಎತ್ತುತ್ತಿದ್ದ ಜವಾನ ಗಂಟಲು ಸರಿಮಾಡಿಕೊಂಡ. “ಹೋದ ಬುಧವಾರ ಬೆಳಿಗ್ಗೆ ಮೈದಾನದ ಹತ್ರ ನಿಮ್ಮನ್ನ ನೋಡ್ದೆ ಸಾರ್. ಕುದುರೆ ಮೇಲಿದ್ರಿ. ಹಿಂದಿನಿಂದ ನಮಸ್ಕಾರ ಸಾರ್ ಅಂದೆ. ನೀವು ತಿರುಗ್ಲಿಲ್ಲ, ಟೋಪಿ ಮಾತ್ರ ಸ್ವಲ್ಪ ಮೇಲೆತ್ತಿದ್ರಿ. ಆಮೇಲೆ ಮಂಜೊಳಗೆ ಹೋಗ್ಬಿಟ್ರಿ.”

ಯಾರೂ ನಗಲಿಲ್ಲ.

“ನಿದ್ದೆಯೂ ಅಲ್ಲ ಗಿದ್ದೆಯೂ ಅಲ್ಲ,” ಎಂದು ಸಾಲದ ವಿಭಾಗದ ಅಕ್ಕ ದನಿ ತಗ್ಗಿಸಿದರು. ಅವರು ಮಾತು ಶುರುಮಾಡಿದರೆ ಬ್ಯಾಂಕಿನ ಗಡಿಯಾರವೂ ನಿಧಾನವಾಗುತ್ತದೆ ಎಂಬ ಪ್ರತೀತಿಯಿತ್ತು. “ನಮ್ಮಜ್ಜಿ ಹೇಳ್ತಿದ್ರು. ಮನುಷ್ಯ ಆಸೆಪಟ್ಟು ಪಟ್ಟು ಏನೂ ಮಾಡ್ದೆ ಕೂತ್ರೆ, ಒಳಗಿರೋನಿಗೆ ತಡೆಯೋಕಾಗದೆ ಎದ್ದು ಹೊರಗೆ ಹೋಗ್ತಾನಂತೆ. ಅವನು ಎಲ್ಲಾ ಮುಗಿಸೋವರೆಗೂ ತೊಂದ್ರೆ ಇಲ್ಲ.”

“ಮುಗಿಸಿದ ಮೇಲೆ?”

“ಮುಗಿಸಿದ ಮೇಲೆ ಇಬ್ರು ಯಾಕೆ ಬೇಕು?” ಎಂದರು ಅಕ್ಕ, ಬಿಸ್ಕತ್ತು ಚಹಾದಲ್ಲಿ ಅದ್ದುತ್ತ.

ಭೂತಗನ್ನಡಿ ಚಹಾದ ಲೋಟ ಪಕ್ಕಕ್ಕೆ ಸರಿಸಿದರು. ಇನ್ನುಳಿದದ್ದು ಒಂದೇ ದಾರಿ, ತಮಗೆ ಗೊತ್ತಿರುವ ಒಂದೇ ವಿದ್ಯೆ. ಬ್ಯಾಂಕಿನಲ್ಲಿ ಅವರದೂ ಖಾತೆಯಿತ್ತಲ್ಲ, ಆ ಮಾದರಿ ಕಾರ್ಡನ್ನು ಡ್ರಾಯರಿನ ತಳದಿಂದ ತೆಗೆದು, ಪ್ರಮಾಣಪತ್ರದ ಪಕ್ಕದಲ್ಲಿಟ್ಟು, ಕೈಯ ಭೂತಗನ್ನಡಿಯನ್ನು ಮೇಲೆ ಹಿಡಿದರು. ಬಾಲದ ಬಾಗು, ಚುಕ್ಕೆಯ ದೂರ, ಅಕ್ಷರದ ಓಟ, ಪೆನ್ನು ಒತ್ತಿದ ಕಡೆ, ಎತ್ತಿದ ಕಡೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅಷ್ಟರಲ್ಲಿ ಗುಂಪು ನೋಡಿ ಮ್ಯಾನೇಜರ್ ಬಂದರು. ವಿಷಯ ಕೇಳಿ, “ಇಷ್ಟಕ್ಕೆಲ್ಲ ಯಾಕ್ರೀ ಗಲಾಟೆ? ನೀವೇ ಒಂದು ರುಜು ಹಾಕಿ ನೋಡಿ, ಮುಗೀತು,” ಎಂದರು.

ಭೂತಗನ್ನಡಿ ಪೆನ್ನು ಹಿಡಿದರು. ಪೂರ್ತಿ ರುಜು ಹಾಕಿ ಎಷ್ಟು ಕಾಲವಾಗಿತ್ತೋ. ಆಫೀಸಿನಲ್ಲಿ ಎರಡಕ್ಷರದ ಗೀಚು ಸಾಕಿತ್ತು, ಹಾಜರಿಗೆ ಹೆಬ್ಬೆಟ್ಟಿನ ಯಂತ್ರ ಬಂದಿತ್ತು. ಹಾಕಿದರು. ಬಾಲ ಹಿಂದಕ್ಕೆ ಬರುವ ಬದಲು ಮುಂದಕ್ಕೆ ಹೋಗಿ ಕೆಳಗೆ ಬಿತ್ತು. ಎರಡನೆಯ ಸಲ ಹಾಕಿದರು, ಚುಕ್ಕೆ ಮೂರಾಯಿತು. ಮೂರನೆಯ ಸಲ ಅಕ್ಷರವೇ ಆಗಲಿಲ್ಲ.

ಕೈಯ ಭೂತಗನ್ನಡಿಯನ್ನು ಅದರ ಮೇಲೆ ಹಿಡಿದು ನೋಡಿದರು. ನೋಡಿ, ಇಪ್ಪತ್ತಾರು ವರ್ಷದ ಅಭ್ಯಾಸ ನೋಡಿ, ತಮಗೆ ತಿಳಿಯದೆಯೇ ಮೊಹರು ಎತ್ತಿ ತಮ್ಮ ರುಜುವಿನ ಮೇಲೆ ಒತ್ತಿಬಿಟ್ಟರು. ರುಜು ಹೊಂದುವುದಿಲ್ಲ.

ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಮ್ಯಾನೇಜರ್ ಮೆಲ್ಲಗೆ, “ನೋಡಿ, ನಿಯಮದ ಪ್ರಕಾರ ನಿಮ್ಮ ಖಾತೆ ತಡೆಹಿಡೀಬೇಕಾಗುತ್ತೆ. ಖಾತೆದಾರರು ಖುದ್ದಾಗಿ ಬರೋವರೆಗೆ,” ಎಂದರು.

“ಖಾತೆದಾರ ನಾನೇ ಅಲ್ವಾ ಸಾರ್?”

“ಹೊಂದಲ್ಲ ಅಂತ ಮೊಹರು ಒತ್ತಿದ್ದು ನೀವೇ ಅಲ್ವಾ?” ಎಂದರು ಮ್ಯಾನೇಜರ್.

ಮಧ್ಯಾಹ್ನವೆಲ್ಲ ಭೂತಗನ್ನಡಿ ಒಂದು ಚೆಕ್ಕನ್ನೂ ಪಾಸು ಮಾಡಲಿಲ್ಲ. ಐದು ಗಂಟೆಗೆ ಮೇಜು ಮುಚ್ಚುವಾಗ ಕ್ಯಾಷಿಯರ್ ಪಟ್ಟಿಯನ್ನು ಮತ್ತೊಮ್ಮೆ ಓದಿ, “ಇವತ್ತು ತಾನೇ ನಿಮಗೆ ಐವತ್ತು? ಐದು ನಲವತ್ತಕ್ಕೆ ರೈಲು,” ಎಂದ. “ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಒಂಬತ್ತು ಮಾಡಿದೋನು ಹತ್ತಕ್ಕೆ ಬಂದೇ ಬರ್ತಾನೆ. ಅವನು ಹತ್ತಿಬಿಟ್ರೆ ಇಲ್ಲಿ ಉಳಿಯೋದು ಏನು ಅಂತ ಯೋಚ್ನೆ ಮಾಡಿದ್ದೀರಾ?”

ಭೂತಗನ್ನಡಿ ಮನೆಗೆ ಫೋನು ಮಾಡಿದರು. ಎತ್ತಿದ್ದು ಅಮ್ಮ.

“ಅಮ್ಮಾ, ನಾನು.”

“ಏನಪ್ಪಾ, ಅಷ್ಟು ಬೇಗ ಸ್ಟೇಷನ್ ಮುಟ್ಟಿದ್ಯಾ? ಈಗ ತಾನೇ ಪೆಟ್ಟಿಗೆ ಎಳ್ಕೊಂಡು ಇಳಿದು ಹೋದೆ. ಎಲ್ಲಿಗೋ ಅಂತ ಕೂಗಿದೆ. ಮೂರನೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಮಾತಾಡ್ದೆ ಹೋದೆ.”

“ಅವಳೆಲ್ಲಿ?”

“ಸೊಸೇನಾ? ಅವಳ ಹೆಜ್ಜೆ ಸದ್ದೇ ಕೇಳಿಸ್ತಿಲ್ಲ,” ಎಂದರು ಅಮ್ಮ.

ಭೂತಗನ್ನಡಿ ಓಡಿದರು. ಓಟವೆಂದರೆ ಕಾಲೆಳೆದುಕೊಂಡೇ, ಚಪ್ಪಲಿ ಪರಪರ ಎನ್ನಿಸಿಕೊಂಡೇ. ಎದುರಾದ ಮೂವರು ಪರಿಚಿತರು “ಈಗಷ್ಟೇ ಹೋದ್ರಲ್ಲ ಸಾರ್” ಎಂದರು. ಮೊದಲ ಬಾರಿಗೆ ಅವರಿಗೆ ಅಳು ಬಂತು. ಈಜಿದ್ದು ಅವನು, ಕುದುರೆ ಹತ್ತಿದ್ದು ಅವನು, ಸೂರ್ಯನನ್ನು ನೋಡಿದ್ದು ಅವನು. ಉಂಡೂ ಹೋದ, ಕೊಂಡೂ ಹೋದ ಎಂಬಂತೆ, ಈಗ ತಮ್ಮ ಬದುಕನ್ನೇ ಪೆಟ್ಟಿಗೆಗೆ ಹಾಕಿಕೊಂಡು ಹೊರಟಿದ್ದಾನೆ. ಒಂದು ದಿನ, ಒಂದೇ ಒಂದು ದಿನ ತಾವೇ ಬೇಗ ಎದ್ದಿದ್ದರೆ ಎನಿಸಿತು.

*

ಪ್ಲಾಟ್‌ಫಾರ್ಮಿನಲ್ಲಿ ಸಂಜೆಯ ಮಂಜು ಇಳಿದಿತ್ತು. ರೈಲು ಆಗಲೇ ಬಂದು ನಿಂತಿತ್ತು. ಜನ ಹೆಚ್ಚಿರಲಿಲ್ಲ. ಕೊನೆಯ ಡಬ್ಬಿಯ ಹತ್ತಿರ, ದೀಪದ ಕೆಳಗೆ, ಬೆನ್ನು ಮಾಡಿಕೊಂಡು ಒಂದು ಆಕೃತಿ ನಿಂತಿತ್ತು. ಟೋಪಿ, ಮಫ್ಲರು, ಕಂದು ಕೋಟು, ಪಕ್ಕದಲ್ಲಿ ಪೆಟ್ಟಿಗೆ. ಅದು ಒಂದು ಹೆಜ್ಜೆ ಇಟ್ಟಿತು. ಕಿರ್.

ಭೂತಗನ್ನಡಿ ನಿಂತರು. ಕೂಗೋಣವೆಂದರೆ ಏನೆಂದು ಕೂಗುವುದು? ತನ್ನ ಹೆಸರನ್ನು ತಾನೇ ಕೂಗಿ, ಅದು ‘ಹ್ಞಾಂ’ ಎಂದುಬಿಟ್ಟರೆ? ಮುಖ ತಿರುಗಿಸಿದಾಗ ಅಲ್ಲಿ ತನ್ನದೇ ಮುಖವಿದ್ದರೆ, ಅದೂ ಸಂತೋಷವಾಗಿದ್ದರೆ? ಅವರಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಆ ಸಂತೋಷದ ಯೋಚನೆಗೆ. ಆದರೂ ಹತ್ತಿರ ಹೋಗಿ, ಹೆಗಲು ಮುಟ್ಟಿದರು.

ಆಕೃತಿ ತಿರುಗಿತು.

“ಅಯ್ಯೋ, ಬಂದ್ಬಿಟ್ರಾ,” ಎಂದಳು ಹೆಂಡತಿ. “ನೀವು ಪಟ್ಟಿ ಮರೆತೇ ಹೋಗಿದ್ದೀರಿ ಅಂದ್ಕೊಂಡಿದ್ದೆ.”

ಭೂತಗನ್ನಡಿಯವರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಸಿದು ಕೂತರು.

“ಹನ್ನೊಂದು ತಿಂಗಳ ಹಿಂದೆ ಅಟ್ಟ ಗುಡಿಸುವಾಗ ಸಿಕ್ತು,” ಎಂದಳು ಅವಳು ಪಕ್ಕದಲ್ಲಿ ಕೂತು. “ಒಂದು ತಿಂಗಳು ಕಾದೆ, ನೀವು ಶುರು ಮಾಡ್ತೀರೇನೋ ಅಂತ. ಮಾಡ್ಲಿಲ್ಲ. ಹೊಸ ಶೂ ಸುಮ್ನೆ ಹಾಳಾಗುತ್ತಲ್ಲ ಅಂತ, ಪೇಪರ್ ತುರುಕಿ ಹಾಕ್ಕೊಂಡೆ. ಒಂದು ದಿನ ಗುಡ್ಡದವರೆಗೆ ಹೋಗಿ ಬಂದೆ. ಆಮೇಲೆ ನಿಲ್ಸೋಕೆ ಆಗ್ಲಿಲ್ಲ ಕಣ್ರೀ.”

“ಪಾಳು ಬಂಗಲೆಗೂ ಹೋಗಿದ್ಯಾ?”

“ಹ್ಞೂಂ. ಚೆನ್ನಾಗಿತ್ತು. ಒಂದು ಗಂಟೆ ಯಾರೂ ಏನೂ ಕೇಳ್ಲಿಲ್ಲ.”

“ಮತ್ತೆ ರುಜು? ಬ್ಯಾಂಕಿನ ಕಾರ್ಡಿನ ಜೊತೆ ಹೋಲಿಸಿದೀನಿ. ನಂದೇ ರುಜು ಅದು.”

ಅವಳು ಅವರನ್ನು ಕನಿಕರದಿಂದ ನೋಡಿದಳು. “ನಿಮ್ಮ ರುಜು ನೀವು ಯಾವತ್ತು ಹಾಕಿದ್ರಿ? ಆ ಕಾರ್ಡು ಮದುವೆಯಾದ ವರ್ಷ ಮನೆಗೆ ತಂದು, ‘ನೀನೇ ಏನಾದ್ರೂ ಗೀಚು’ ಅಂತ ಎಸೆದು ಮಲಗಿದ್ರಿ. ಅವತ್ತಿಂದ ಹಾಕ್ತಿದ್ದೀನಿ.”

“ಆದ್ರೂ, ಗುಡ್ಡ ಹತ್ತಿದ್ದು ನೀನು. ನಿನ್ನ ಹೆಸರೇ ಹಾಕ್ಬಹುದಿತ್ತಲ್ಲ.”

“ಹಾಕೋಣ ಅಂತಾನೇ ಹೋದೆ,” ಎಂದಳು. ದನಿ ಸಣ್ಣದಾಯಿತು. “ಅರ್ಜಿ ಮುಂದಿಟ್ರು. ಪೆನ್ನು ಹಿಡಿದೆ. ನನ್ನ ರುಜು ಹೇಗಿತ್ತು ಅಂತ ಎಷ್ಟು ಹೊತ್ತು ನೆನಪು ಮಾಡ್ಕೊಂಡ್ರೂ ಬರ್ಲಿಲ್ಲ. ಹಿಂದೆ ಜನ ಕಾಯ್ತಿದ್ರು. ಕೈ ತಾನಾಗೇ ನಿಮ್ದು ಹಾಕ್ತು.”

ಸಾವಿರಾರು ಜನರ ರುಜು ಬಲ್ಲ ಭೂತಗನ್ನಡಿಯವರಿಗೆ ಹೆಂಡತಿಯ ರುಜು ಹೇಗಿತ್ತೆಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಗಾರ್ಡು ಸೀಟಿ ಊದಿದ.

“ನಾನೂ ಬರ್ತೀನಿ,” ಎಂದು ಎದ್ದರು.

“ಹೇಗೆ ಬರ್ತೀರಿ? ‘ಒಬ್ಬನೇ’ ಅಂತ ಬರೆದಿದ್ದೀರಲ್ಲ. ಯಾರಿಗೂ ಹೇಳಬಾರ್ದು ಅಂತಾನೂ ಬರೆದಿದ್ರಿ, ಅದು ಆಗ್ಲೇ ಕೆಟ್ಟು ಹೋಯ್ತು.” ಅವಳು ಕೋಟಿನ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಅವರ ಕೈಗಿಟ್ಟಳು. “ಅಡುಗೆಮನೇಲಿ ಇಟ್ಟು ಬರ್ಬೇಕು ಅಂತಿದ್ದೆ, ಮರೆತೆ. ನಿಮ್ಮ ಪಟ್ಟಿ ನಾನು ಮಾಡಿದೆ. ಇದು ನಂದು.”

ಎರಡೂ ಮಗ್ಗುಲಲ್ಲಿ ಒತ್ತೊತ್ತಾಗಿ ಬರೆದಿತ್ತು. ಬೆಳಗ್ಗೆ ಐದು: ನೀರು ಹಿಡಿಯುವುದು. ಐದೂಕಾಲು: ಹಾಲು. ಐದೂವರೆ: ಅತ್ತೆಯ ಮಾತ್ರೆ, ಬಿಸಿನೀರಿನಲ್ಲಿ. ಒಂದರ ಮುಂದೆಯೂ ಸರಿ ಗುರುತಿರಲಿಲ್ಲ.

“ಇದಕ್ಕೆ ಗುರುತು ಹಾಕೋಕಾಗಲ್ಲ,” ಎಂದಳು ಅವಳು, ಪೆಟ್ಟಿಗೆ ಎತ್ತಿಕೊಂಡು ಡಬ್ಬಿಯ ಮೆಟ್ಟಿಲು ಹತ್ತುತ್ತ. “ನಾಳೆ ಮತ್ತೆ ಮೊದಲಿಂದ ಮಾಡ್ಬೇಕಲ್ಲ.”

“ಯಾವಾಗ ವಾಪಸ್ ಬರ್ತೀಯಾ?” ರೈಲಿನ ಜೊತೆ ನಡೆಯುತ್ತ ಭೂತಗನ್ನಡಿ ಕೇಳಿದರು.

ಅವಳು ತಾನು ಬರೆದಿಟ್ಟುಕೊಂಡಿದ್ದ ಪಟ್ಟಿಯ ನಕಲು ತೆಗೆದು, ಹತ್ತನೆಯ ಸಾಲನ್ನು ಎರಡು ಸಲ ಓದಿದಳು. “ಹೋಗೋದು ಅಂತ ಮಾತ್ರ ಬರೆದಿದ್ದೀರಿ,” ಎಂದಳು. “ಬರೋದು ಬರೆದೇ ಇಲ್ವಲ್ರೀ.”

ಮಂಜು ಮೊದಲು ಕೊನೆಯ ಡಬ್ಬಿಯನ್ನು, ಆಮೇಲೆ ಅದರ ಕೆಂಪು ದೀಪವನ್ನು ನುಂಗಿತು.

ಮನೆ ತಲುಪಿದಾಗ ಬಾಗಿಲ ಮುಂದೆ ಕೊರಿಯರಿನವನು ನಿಂತಿದ್ದ, ಅವನಿಗೆ ಬೇಸರವಾಗಬಾರದೆಂದು ಪಕ್ಕದಲ್ಲೇ ಮೇಷ್ಟ್ರು ನಿಂತಿದ್ದರು. ಕುದುರೆ ಸವಾರಿ ಶಾಲೆಯಿಂದ ಬೆಳ್ಳಿ ಪದಕ ಬಂದಿತ್ತು. ಬೆಲೆಬಾಳುವ ವಸ್ತುವಾದ್ದರಿಂದ ಪಡೆಯುವವರ ರುಜು ಅರ್ಜಿಯ ರುಜುವಿಗೆ ಹೊಂದಬೇಕಂತೆ. ಭೂತಗನ್ನಡಿ ರುಜು ಹಾಕಿದರು. ಕೊರಿಯರಿನವನು ಅದನ್ನು ದೀಪಕ್ಕೆ ಹಿಡಿದು ಆ ಕಡೆ ಈ ಕಡೆ ನೋಡಿದ.

“ಇದು ಹೊಂದಲ್ಲ ಸಾರ್. ಮನೆ ಯಜಮಾನ್ರು ಬಂದ ಮೇಲೆ ಬರ್ತೀನಿ,” ಎಂದು ಇಳಿದು ಹೋದ. ಮೇಷ್ಟ್ರು ಭೂತಗನ್ನಡಿಯವರ ಮುಖ ನೋಡದೆ, ಸರಸರನೆ ಅವನ ಹಿಂದೆಯೇ ಇಳಿದರು.

ಭೂತಗನ್ನಡಿ ಒಳಗೆ ಬಂದರು. ದೀಪ ಹಾಕಿರಲಿಲ್ಲ. ಚಪ್ಪಲಿ ಬಿಡದೆ, ಕಾಲೆಳೆದುಕೊಂಡು, ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟರು.

“ಯಾರದು?” ಎಂದರು ಕತ್ತಲಿನಿಂದ ಅಮ್ಮ.

“ನಾನಮ್ಮ. ನಿನ್ನ ಮಗ.”

ಮಂಚ ಕಿರುಗುಟ್ಟಿತು. 

“ನನ್ನ ಮಗ ಊರಿಗೆ ಹೋದ, ಸ್ಟೇಷನ್ನಿಂದ ಫೋನೂ ಮಾಡಿದ್ದ,” ಎಂದರು ಅಮ್ಮ, ಗೋಡೆಯ ಕಡೆ ಸರಿಯುತ್ತ. “ಅವನು ಕಾಲೆಳೆಯೋದು ಬಿಟ್ಟು ವರ್ಷ ಆಗ್ತಾ ಬಂತು. ನೀವ್ಯಾರು?”